ಈ ತಪಸ್ಸು ಕಾಲದಲ್ಲಿ ಒಂದು ಮನೆ ಹುಡುಕಿಕೋ

ಪ್ರೀತಿಯ ಗೆಳೆಯ,

ಹೋದ ವಾರ ಫೋನಿನಲ್ಲಿ ನೀನು ಹೇಳಿದ್ದು ಇನ್ನೂ ಕಿವಿಯಲ್ಲಿದೆ. ಬೆಂಗಳೂರಿಗೆ ಹೋಗಿ ಎರಡು ವರ್ಷವಾಯಿತು, ಒಂದು ಭಾನುವಾರವೂ ಪೂಜೆ ತಪ್ಪಿಸಿಲ್ಲ, ಆದರೂ ಚರ್ಚಿನಲ್ಲಿ ಹೆಸರು ಹಿಡಿದು ಕರೆಯುವವರು ಒಬ್ಬರೂ ಇಲ್ಲ ಅಂದೆ. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ ಕಣೋ.

ಈ 2026ರ ಫೆಬ್ರವರಿ 18ಕ್ಕೆ ವಿಭೂತಿ ಬುಧವಾರ, ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲ ಶುರುವಾಗುವ ದಿನ. ನಿಮ್ಮ ಕಡೆ ಕಿರು ಸಮುದಾಯದ, ಅಂದರೆ ಅಕ್ಕಪಕ್ಕದ ಮನೆಯವರು ಕೂಡಿ ಮಾಡುವ ಪ್ರಾರ್ಥನೆ ಯಾರ ಮನೆಯಲ್ಲಿ ನಡೆಯುತ್ತದೆ ಅಂತ ಫಾದರ್ ಹತ್ತಿರ ಕೇಳು. ಹೋಗಿ ಸೇರಿಕೋ. ವರ್ಷವಿಡೀ ಬರ್ತೀನಿ ಅಂತ ಮಾತು ಕೊಡಬೇಕಿಲ್ಲ. ಈಸ್ಟರ್‌ನ ಹಿಂದಿನ ಗರಿಗಳ ಭಾನುವಾರದವರೆಗೆ ವಾರಕ್ಕೊಂದು ಸಂಜೆ, ಅಷ್ಟೇ.

2023ರಲ್ಲಿ ನಾನೂ ಅರೆಮನಸ್ಸಿನಿಂದಲೇ ಹೋಗಿದ್ದೆ. ಬೀದಿಯ ಹತ್ತು ಮನೆಯವರು, ಚಾಪೆ ಮೇಲೆ ಒತ್ತೊತ್ತಾಗಿ ಕೂತಿದ್ದೆವು. ಮುಂದಿನ ಭಾನುವಾರದ ಶುಭಸಂದೇಶವನ್ನು ಮೊದಲೇ ಓದುವುದು ಅಲ್ಲಿನ ಪದ್ಧತಿ. ಆ ವಾರ ಯೊವಾನ್ನನ 4ನೇ ಅಧ್ಯಾಯ. ಯಕೋಬನ ಬಾವಿ, ನಡುಮಧ್ಯಾಹ್ನ ನೀರಿಗೆ ಬಂದು ಯೇಸುವಿನ ಜೊತೆ ಮಾತಾಡಿದ ಸಮಾರಿಯದ ಹೆಂಗಸು. ನಾನು ಚಿಕ್ಕಂದಿನಿಂದ ಕೇಳಿದ ಕಥೆ, ಇನ್ನೇನಿದೆ ಅಂದುಕೊಂಡಿದ್ದೆ.

ಓದಿದ ಮೇಲೆ ಯಾರಿಗೆ ಯಾವ ಪದ ತಾಗಿತೋ ಅದನ್ನು ಜೋರಾಗಿ ಹೇಳಬೇಕು. ಒಬ್ಬರು "ಜೀವಜಲ" ಅಂದರು. ಮೂಲೆಮನೆ ಅಜ್ಜಿ ಮಾತ್ರ "ಕೊಡ" ಅಂದರು. ಆಮೇಲೆ ಮೆಲ್ಲಗೆ ಹೇಳಿದರು: "ನಡುಮಧ್ಯಾಹ್ನ ನೀರಿಗೆ ಯಾರು ಹೋಗ್ತಾರೆ? ಬೇರೆ ಹೆಂಗಸರ ಬಾಯಿಗೆ ಹೆದರಿದವಳು ಹೋಗ್ತಾಳೆ. ಅಂಥವಳು ಕೊಡಾನೂ ಬಿಟ್ಟು ಊರೊಳಕ್ಕೆ ಓಡಿದ್ಲಲ್ಲ!"

ಅಜ್ಜಿ ನಲವತ್ತು ವರ್ಷ ಬೀದಿ ನಲ್ಲಿಯಿಂದ ನೀರು ಹೊತ್ತವರು. ನಾನು ಆ ವಾಚನವನ್ನು ಪೂಜೆಯಲ್ಲಿ ಎಷ್ಟೋ ಸಲ ಕೇಳಿದವನು, ಆದರೆ ಆ ಕೊಡ ಒಂದು ಸಲವೂ ಕಣ್ಣಿಗೆ ಬಿದ್ದಿರಲಿಲ್ಲ. ಯಾರೂ ಏನೂ ಮಾತಾಡಲಿಲ್ಲ. ಪಕ್ಕದ ಮನೆ ಕುಕ್ಕರ್ ಕೂಗಿದ್ದು ಮಾತ್ರ ಕೇಳಿಸಿತು.

ಈ ಕ್ರಮಕ್ಕೆ ಏಳು ಹೆಜ್ಜೆ ಅಂತಾರೆ. ದಕ್ಷಿಣ ಆಫ್ರಿಕಾದ ಲುಮ್ಕೊ ಸಂಸ್ಥೆಯಲ್ಲಿ ರೂಪಗೊಂಡು ಏಷ್ಯಾದ ಧರ್ಮಸಭೆಗಳಿಗೂ ಹರಡಿದ ವಿಧಾನ. ಪ್ರಭುವನ್ನು ಕರೆಯುವುದು, ಓದುವುದು, ಪದಗಳನ್ನು ಹೆಕ್ಕುವುದು, ಮೌನ, ಮನಸ್ಸಿಗೆ ತಾಗಿದ್ದನ್ನು ಹಂಚಿಕೊಳ್ಳುವುದು. ಆಮೇಲೆ ಈ ವಾರ ನಾವು ಏನು ಮಾಡೋಣ ಅಂತ ಮಾತು. ಕೊನೆಗೆ ಪ್ರಾರ್ಥನೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಿದ್ದುವ ಹಾಗಿಲ್ಲ, ಯಾರೂ ಬೋಧನೆ ಮಾಡುವ ಹಾಗಿಲ್ಲ. ಮಾತು ಆ ಮನೆಯ ಹೊಸಿಲು ದಾಟಬಾರದು ಅಂತಲೂ ನಾವು ಸೇರಿಸಿಕೊಂಡಿದ್ದೇವೆ. ಅದೊಂದು ಇಲ್ಲದಿದ್ದರೆ ಯಾರೂ ಮನಸ್ಸು ಬಿಚ್ಚುವುದಿಲ್ಲ.

ಆರನೆಯ ಹೆಜ್ಜೆ ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟ. ಆ ಸಂಜೆ ನಾವು, ನಮ್ಮ ಬೀದಿಯಲ್ಲಿ ಯಾರ ಜೊತೆ ಯಾರೂ ಮಾತಾಡ್ತಿಲ್ಲ ಅಂತ ಕೇಳಿಕೊಂಡೆವು. ಒಂದು ಮನೆ ನೆನಪಾಯಿತು. ಮರುದಿನ ಇಬ್ಬರು ಹೋಗಿ ಬಂದರು. ಆ ಮನೆಯ ತಾಯಿ ಈಗ ನಮ್ಮ ಜೊತೆ ಕೂರುತ್ತಾರೆ.

ಮೊದಲ ಕ್ರೈಸ್ತರೂ ಮನೆಗಳಲ್ಲೇ ಸೇರುತ್ತಿದ್ದರಲ್ವಾ. ಸೆರೆಯಿಂದ ಬಿಡುಗಡೆಯಾದ ಯೇಸುವಿನ ಶಿಷ್ಯ ಪೇತ್ರ ರಾತ್ರೋರಾತ್ರಿ ಹೋಗಿದ್ದು ಮಾರ್ಕನ ತಾಯಿ ಮರಿಯಳ ಮನೆಗೆ. ಒಳಗೆ ಎಲ್ಲರೂ ಅವನಿಗಾಗಿಯೇ ಪ್ರಾರ್ಥಿಸುತ್ತಿದ್ದರು. ತಟ್ಟಲು ಅವನಿಗೆ ಒಂದು ಬಾಗಿಲು ಗೊತ್ತಿತ್ತು. ನಿನಗೂ ಅಂಥದ್ದೊಂದು ಬಾಗಿಲು ಇರಲಿ ಅನ್ನೋದೇ ನನ್ನ ಆಸೆ. ಹೋದ ವರ್ಷ ಅಪ್ಪ ಆಸ್ಪತ್ರೆಯಲ್ಲಿದ್ದಾಗ ನಾನು ಎರಡು ವಾರ ಪೂಜೆಗೆ ಹೋಗಲಾಗಲಿಲ್ಲ. ಚರ್ಚಿನಲ್ಲಿ ಅಷ್ಟು ಜನರ ನಡುವೆ ಅದು ಯಾರಿಗೂ ಗೊತ್ತಾಗಲಿಲ್ಲ, ತಪ್ಪೂ ಅಲ್ಲ. ಆದರೆ ಬುಧವಾರ ಸಂಜೆ ಚಾಪೆ ಮೇಲೆ ನನ್ನ ಜಾಗ ಖಾಲಿ ಇದ್ದದ್ದು ಕಂಡಿತ್ತು. ರಾತ್ರಿ ಒಂಬತ್ತಕ್ಕೆ ವಾರ್ಡಿನ ಬಾಗಿಲಲ್ಲಿ ಊಟದ ಕ್ಯಾರಿಯರ್ ಹಿಡಿದು ಇಬ್ಬರು ನಿಂತಿದ್ದರು.

ಮೊದಲ ದಿನ ಸುಮ್ನೆ ಕೂತುಕೋ, ಮಾತಾಡಲೇಬೇಕು ಅಂತಿಲ್ಲ. ತಪಸ್ಸು ಕಾಲವಾದ್ದರಿಂದ ನಮ್ಮಲ್ಲಿ ಕಾಫಿ ಬಿಟ್ಟರೆ ಬೇರೇನೂ ಕೊಡುವುದಿಲ್ಲ. ತಿಂಡಿಗೆ ಆಗುವ ದುಡ್ಡು ಬಡವರ ಡಬ್ಬಿಗೆ ಹೋಗುತ್ತದೆ.

ವಾಚನಗಳು ಮೂರು ವರ್ಷಕ್ಕೊಂದು ಸುತ್ತು ಬರುತ್ತವಲ್ಲ, ಮಾರ್ಚ್ 8ರ ಭಾನುವಾರ ಮತ್ತೆ ಅದೇ ಬಾವಿಯ ಕಥೆ. ಅಜ್ಜಿಗೆ ಈಗ ನಡೆಯಲಾಗುವುದಿಲ್ಲ. ಅದಕ್ಕೇ ಆ ವಾರ ಅವರ ಮನೆಯಲ್ಲೇ ಸೇರುತ್ತೇವೆ. ನೀನೂ ಅಲ್ಲಿ ಯಾರ ಮನೆಯಲ್ಲಾದರೂ ಅದನ್ನು ಓದಿ, ಆ ರಾತ್ರಿಯೇ ಫೋನ್ ಮಾಡು. ಯಾರು ಯಾವ ಪದ ಹೆಕ್ಕಿದರು ಅಂತ ಅಜ್ಜಿಗೂ ಹೇಳಬೇಕು.

ನಿನ್ನ ಪ್ರೀತಿಯ
ಗೆಳೆಯ
ಮೈಸೂರು