ಹಂಗೇರಿಗೆ ಹೊರಟ ಮಗಳಿಗೆ

ಉಡುಪಿ

ಪ್ರೀತಿಯ ವಾಣಿಗೆ ದೊಡ್ಡಮ್ಮನ ಆಶೀರ್ವಾದಗಳು.

ಹಂಗೇರಿಯ ಕೆಚ್‌ಕೆಮೇಟ್ ಊರಿನ ಕೊಡಾಯ್ ಸಂಸ್ಥೆಯ ಸಂಗೀತ ಶಿಕ್ಷಕರ ತರಬೇತಿಗೆ ನೀನು ಹೊರಟಿರುವೆ ಎಂದು ನಿನ್ನ ಅಮ್ಮ ಫೋನಿನಲ್ಲಿ ಹೇಳಿದಳು. ಮನಸ್ಸು ತುಂಬಿ ಬಂತು.

ಅಲ್ಲಿಂದ ಏನು ತರಬೇಕು ಎಂಬುದನ್ನು ಇಲ್ಲೇ ತೀರ್ಮಾನಿಸಿಕೊಂಡು ಹೋಗು. ಹಂಗೇರಿಯವರ ಹಾಡುಗಳನ್ನು ಶಾಲೆಯ ವಾರ್ಷಿಕೋತ್ಸವದಲ್ಲಿ ಹಾಡಿಸಿದರೆ ಚಪ್ಪಾಳೆ ಸಿಗುತ್ತದೆ, ಅಷ್ಟೇ. ತರಬೇಕಾದದ್ದು ಕೊಡಾಯ್ ಕೆಲಸ ಮಾಡಿದ ರೀತಿ. ಸಂಗೀತ ರಚನಕಾರ ಜೋಲ್ತಾನ್ ಕೊಡಾಯ್ 1882ರಲ್ಲಿ ಹುಟ್ಟಿದ್ದು ಆ ಊರಿನಲ್ಲಿಯೇ. 1905ರಿಂದ ಹಳ್ಳಿಹಳ್ಳಿ ತಿರುಗಿ ರೈತರ ಹಾಡುಗಳನ್ನು ಕೂಡಿಹಾಕಿದರು. ಇನ್ನೊಬ್ಬ ಸಂಗೀತ ರಚನಕಾರ ಬೇಲಾ ಬಾರ್ಟೋಕ್ ಜೊತೆಗೂಡಿದರು. ಮುಂದೆ ಆ ಹಾಡುಗಳೇ ಶಾಲೆಯ ಪಾಠವಾದವು. ನಮ್ಮಲ್ಲಿ ಆ ಕೆಲಸ ಇನ್ನೂ ಬಾಕಿಯಿದೆ. ನೇಜಿ (ಭತ್ತದ ಸಸಿ) ನೆಡುವಾಗ ತುಳುವಿನ ಓಬೇಲೆ ಹಾಡುತ್ತಿದ್ದ ಅಜ್ಜಿಯಂದಿರು ನಿನ್ನ ವಿದ್ಯಾರ್ಥಿಗಳ ಮನೆಗಳಲ್ಲೇ ಇದ್ದಾರು. ನಾಟಿ ಯಂತ್ರ ಬಂದ ಮೇಲೆ ಗದ್ದೆಯಲ್ಲಿ ಆ ದನಿ ಅಪರೂಪವಾಗಿದೆ. ಹೊರಡುವ ಮೊದಲೇ ಎರಡು ಮೂರು ಹಾಡುಗಳನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡು, ಸ್ವರ ಹಾಕಿ, ಜೊತೆಗೆ ತೆಗೆದುಕೊಂಡು ಹೋಗು. ಇದರಿಂದ ಪಾಠ ಕಟ್ಟುವುದು ಹೇಗೆ ಎಂದು ಅಲ್ಲಿನ ಗುರುಗಳನ್ನು ಕೇಳು. ದೈವಗಳ ಕಥೆ ಹೇಳುವ ಪಾಡ್ದನಗಳನ್ನು ಮಾತ್ರ ಇದಕ್ಕೆ ಎಳೆಯಬೇಡ. ಅವು ದೈವಾರಾಧನೆಯ ಕೋಲದ ಅಂಗಳದಲ್ಲೇ ಇರಲಿ.

ಅವರ ಸ್ವರಗಳಲ್ಲಿ ಮೊದಲನೆಯದಾದ ‘ದೊ’ ನಮ್ಮ ಷಡ್ಜದಂತೆ ಶ್ರುತಿಗೆ ತಕ್ಕಂತೆ ಸರಿಯುತ್ತದೆ, ನಿನಗೆ ಕಷ್ಟವಾಗದು. ಹಳೆಯ ಹಂಗೇರಿಯನ್ ಹಾಡುಗಳ ಐದು ಸ್ವರಗಳಲ್ಲಿ ಶುದ್ಧ ಧನ್ಯಾಸಿ ರಾಗದ ಸ್ವರಗಳು ಸಿಗುತ್ತವೆ. ಸ್ವರಕ್ಕೊಂದು ಕೈಸನ್ನೆ ಇದೆ. ಇಂಗ್ಲೆಂಡಿನ ಜಾನ್ ಕರ್ವೆನ್ 19ನೇ ಶತಮಾನದಲ್ಲಿ ರೂಪಿಸಿದ್ದನ್ನು ಕೊಡಾಯ್ ಬಳಗದವರು ತಿದ್ದಿ ಬಳಸಿಕೊಂಡರು. ಚಿಕ್ಕ ಮಕ್ಕಳಿಗೆ ಅದು ಬಹಳ ಒಳ್ಳೆಯದು, ಸ್ವರದ ಏರಿಳಿತ ಕಣ್ಣಿಗೆ ಕಾಣುತ್ತದೆ. ಆದರೆ ತೋಡಿ ರಾಗದ ತೂಗುವ ಗಾಂಧಾರಕ್ಕೆ ಯಾವ ಸನ್ನೆ ತೋರಿಸುತ್ತೀಯೆ? ಇಂಥ ಗಮಕ ಬರುವಲ್ಲಿ ಕೈ ಇಳಿಸಿ ಕಿವಿಯಿಂದಲೇ ಕಲಿಸು.

ಎಲ್ಲಕ್ಕಿಂತ ಹೆಚ್ಚಾಗಿ, ಸಾಧಾರಣ ಶಾಲೆಯೊಂದರ ತರಗತಿ ನೋಡಲು ಅನುಮತಿ ಕೇಳು. ಹಿಂದಿನ ಬೆಂಚಿನಲ್ಲಿ ಕುಳಿತು, ಶ್ರುತಿ ಸೇರದ ಮಗುವಿನ ಜೊತೆ ಶಿಕ್ಷಕಿ ಏನು ಮಾಡುತ್ತಾರೆಂದು ಗಮನಿಸು. ನಮ್ಮಲ್ಲಿ ಬಹುಮಾನ ತರುವ ಐದಾರು ಮಕ್ಕಳನ್ನು ಮುಂದೆ ನಿಲ್ಲಿಸಿ, ಉಳಿದವರಿಗೆ ‘ತುಟಿ ಆಡಿಸಿ, ಸಾಕು’ ಎನ್ನುವುದನ್ನು ಕೇಳಿ ಹೊಟ್ಟೆ ಉರಿದಿದೆ. ಹಾಗೆ ಹೇಳಿಸಿಕೊಂಡ ಮಗು ಬದುಕಿಡೀ ಬಾಯಿ ಬಿಡುವುದಿಲ್ಲ. ಸಂಗೀತ ಎಲ್ಲರದೂ ಆಗಬೇಕೆಂದು ಕೊಡಾಯ್ ದುಡಿದದ್ದು ಇಂಥ ಮಕ್ಕಳಿಗಾಗಿ ಎಂದೇ ನಾನು ನಂಬಿದ್ದೇನೆ.

ಊಟದ ಚಿಂತೆ ಬೇಡ. ಅವಲಕ್ಕಿ, ಉಪ್ಪಿನಕಾಯಿ ಕಟ್ಟಿಕೊಡುತ್ತೇನೆ.

ಇನ್ನೊಂದು ಕೆಲಸ ಹೊರಡುವ ಮೊದಲೇ ಆಗಬೇಕು. ಕೆಚ್‌ಕೆಮೇಟ್‌ನಲ್ಲಿ 1950ರಲ್ಲಿ ಆರಂಭವಾದ ಹಾಡುವ ಶಾಲೆಯಲ್ಲಿ ದಿನವೂ ಸಂಗೀತ ಪಾಠವಿತ್ತು. ನಿನಗಿರುವುದು ವಾರಕ್ಕೊಂದು ಪಿರಿಯಡ್. ಹಿಂದಿರುಗಿದ ಮೇಲೆ ಐದನೇ ತರಗತಿಗೆ ಮಾತ್ರವಾದರೂ ಬೆಳಗಿನ ಪ್ರಾರ್ಥನೆಯ ನಂತರ ದಿನಕ್ಕೆ 15 ನಿಮಿಷ ಕೊಡಬೇಕೆಂದು ಮುಖ್ಯೋಪಾಧ್ಯಾಯರನ್ನು ಕೇಳು. ಬಾಯಿಮಾತಿನಲ್ಲಿ ಬಿಡಬೇಡ, ಈ ವಾರವೇ ಅರ್ಜಿ ಬರೆದು ಕೊಡು.

ಇಂತು,
ನಿನ್ನ ದೊಡ್ಡಮ್ಮ