ರೆಡ್ ವೈನ್‌ನ ಒಗರಿಗೆ ಯಾವ ಊಟ?

ಮಾನ್ಯ ಸಂಪಾದಕರೇ,

ತಮ್ಮ ಭಾನುವಾರದ ಪುರವಣಿಯಲ್ಲಿ ರೆಡ್ ವೈನ್ ಕುರಿತು ಬಂದ ಬರಹದಲ್ಲಿ ಮೂರು ಸಲಹೆಗಳಿದ್ದವು. ಗಟ್ಟಿ ರೆಡ್ ವೈನನ್ನು ಕೋಣೆಯ ಉಷ್ಣತೆಯಲ್ಲೇ ಕುಡಿಯಬೇಕು. ಗಂಟೆ ಮೊದಲು ಬಿರಡೆ ತೆಗೆದಿಟ್ಟರೆ ಸಾಕು. ಖಾರದ ಅಡುಗೆಗೆ ಅದು ಒಳ್ಳೆಯ ಜೋಡಿ. ಮೂರೂ ತಿದ್ದಬೇಕಾದವು. ಇವನ್ನು ನಂಬಿ ಒಳ್ಳೆಯ ಬಾಟಲಿ ತೆರೆದವರು ಕೊನೆಗೆ ವೈನನ್ನೇ ದೂರುತ್ತಾರೆ.

ಕ್ಯಾಬರ್ನೆ ಸೋವಿನ್ಯೊನ್, ಸಿರಾ, ಮಾಲ್ಬೆಕ್, ತನ್ನಾ ದ್ರಾಕ್ಷಿಗಳಿಂದ ಆಗುವ ವೈನ್‌ಗಳು ಸಾಮಾನ್ಯವಾಗಿ ಈ ಗಟ್ಟಿ ಗುಂಪಿಗೆ ಸೇರುತ್ತವೆ. ಆಸ್ಟ್ರೇಲಿಯಾದ ಶಿರಾಜ್ ಅಂದರೂ ಸಿರಾನೇ. ಆಲ್ಕೋಹಾಲ್ ಹೆಚ್ಚಾಗಿ ಶೇ 13.5ರಿಂದ 15ರವರೆಗೆ ಇರುತ್ತದೆ. ಆದರೆ ಊಟಕ್ಕೆ ಜೋಡಿ ಹುಡುಕುವಾಗ ಮೊದಲು ನೋಡಬೇಕಾದ್ದು ಟ್ಯಾನಿನ್. ದ್ರಾಕ್ಷಿಯ ಸಿಪ್ಪೆ, ಬೀಜ ಮತ್ತು ಓಕ್ ಪೀಪಾಯಿಯಿಂದ ಇಳಿಯುವ ಈ ಅಂಶ ಕೊಡುವ ಅನುಭವಕ್ಕೆ ಕನ್ನಡದಲ್ಲಿ ಒಗರು ಎಂಬ ಸೊಗಸಾದ ಮಾತಿದೆ. ಆರು ರಸಗಳಲ್ಲಿ ಒಂದೆಂದು ನಾವು ಎಣಿಸಿದರೂ ಒಗರು ಹೆಚ್ಚಾಗಿ ಸ್ಪರ್ಶವೇ. ಜೊಲ್ಲಿನಲ್ಲಿರುವ ಪ್ರೋಟೀನಿಗೆ ಟ್ಯಾನಿನ್ ಅಂಟಿಕೊಂಡಾಗ ಬಾಯಿಯ ಜಾರುತನ ಹೋಗುತ್ತದೆ, ಒಸಡೂ ಕೆನ್ನೆಯ ಒಳಬದಿಯೂ ಬಿಗಿದುಕೊಳ್ಳುತ್ತವೆ. ಕಡು ಚಹಾಕ್ಕೆ ಹಾಲು ಬಿದ್ದೊಡನೆ ಅದರ ಒಗರು ತಗ್ಗುವುದು ಇದೇ ಕಾರಣಕ್ಕೆ: ಟ್ಯಾನಿನ್ ಹಾಲಿನ ಪ್ರೋಟೀನನ್ನು ಹಿಡಿಯುತ್ತದೆ, ಬಾಯಿಯನ್ನು ಬಿಡುತ್ತದೆ.

ಮಾಂಸವೂ ಹಾಲಿನ ಕೆಲಸವನ್ನೇ ಮಾಡುತ್ತದೆ. ಕೊಬ್ಬಿರುವ ಕುರಿಯ ಪಕ್ಕೆಲುಬು, ಒಳಗೆ ರಸ ಉಳಿಯುವಂತೆ ಸುಟ್ಟ ದನದ ಮಾಂಸದ ಸ್ಟೇಕ್ ಕ್ಯಾಬರ್ನೆಗೆ ಹೊಂದುತ್ತವೆ. ಎಲ್ಲರಿಗಿಂತ ಒಗರಾದ ತನ್ನಾಕ್ಕೆ ಬಾತುಕೋಳಿಯಂಥ ಜಿಡ್ಡಿನ ಮಾಂಸವೇ ಬೇಕು. ಮಾಲ್ಬೆಕ್ ಸ್ವಲ್ಪ ಮೆದು, ಕಡಿಮೆ ಕೊಬ್ಬಿನ ತುಂಡನ್ನೂ ಸೈರಿಸೀತು. ಅದೇ ಸ್ಟೇಕನ್ನು ಒಣಗುವವರೆಗೆ ಬೇಯಿಸಿದರೆ ವೈನ್ ಕೂಡ ಒರಟೆನಿಸುತ್ತದೆ. ಉಪ್ಪನ್ನು ಮರೆಯಬೇಡಿ. ವೈನ್ ಕಹಿ ಎನಿಸಿದರೆ ಮಾಂಸದ ಮೇಲೆ ಒಂದು ಚಿಟಿಕೆ ಉಪ್ಪು ಉದುರಿಸಿ ಮತ್ತೊಮ್ಮೆ ಗುಟುಕರಿಸಿ ನೋಡಿ. ಉಪ್ಪು ಕಹಿಯನ್ನು ಅಡಗಿಸುತ್ತದೆ.

ಸಸ್ಯಾಹಾರಿಗಳಿಗೆ ಅಣಬೆ ಎಂದು ಬರಹ ಒಂದೇ ಸಾಲಿನಲ್ಲಿ ಮುಗಿಸಿದ್ದು ಸಾಲದು. ಅಣಬೆಯಲ್ಲಿ ಉಮಾಮಿ, ಅಂದರೆ ಮಾಂಸದ ಸಾರಿನಲ್ಲಿ ಸಿಗುವಂಥ ತುಂಬು ರುಚಿ ಹೆಚ್ಚು, ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ. ಬರೀ ಉಮಾಮಿಯ ಎದುರು ಟ್ಯಾನಿನ್ ಇನ್ನಷ್ಟು ಕಹಿಯಾಗುತ್ತದೆ. ಆದ್ದರಿಂದ ಅಣಬೆಯನ್ನು ನೀರು ಬಿಟ್ಟು ಇಂಗಿ ಅಂಚು ಕಂದುಬಣ್ಣಕ್ಕೆ ತಿರುಗುವವರೆಗೆ ಬೆಣ್ಣೆಯಲ್ಲಿ ಹುರಿದು, ಉಪ್ಪು ಧಾರಾಳವಾಗಿ ಹಾಕಬೇಕು. ಕೆಂಡದ ಮೇಲೆ ಸುಟ್ಟು ಎಣ್ಣೆ ಸವರಿದ ಬದನೆ, ತಿಂಗಳುಗಟ್ಟಲೆ ಮಾಗಿಸಿದ ಚೆಡ್ಡಾರ್ ಅಥವಾ ಗೌಡಾ ಚೀಸ್ ಕೂಡ ಚೆನ್ನಾಗಿ ಹೊಂದುತ್ತವೆ. ಬಿಳಿ ಬೂಷ್ಟಿನ ಸಿಪ್ಪೆ ಇರುವ ಮೆತ್ತನೆಯ ಚೀಸ್ ಬೇಡ, ಸಿಪ್ಪೆ ಕಹಿ ಬರುತ್ತದೆ.

ಇನ್ನು ಖಾರ. ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್ ಬಾಯಲ್ಲಿ ಉರಿಯನ್ನು ಗುರುತಿಸುವ ನರತುದಿಗಳನ್ನು ಕೆಣಕುತ್ತದೆ. ಆಲ್ಕೋಹಾಲ್ ಕೆಣಕುವುದೂ ಅವನ್ನೇ. ಶೇ 15ರ ಶಿರಾಜ್ ಜೊತೆ ಖಾರದ ಸಾರು ತಿಂದರೆ ಉರಿ ಏರುತ್ತದೆ, ಹಣ್ಣಿನ ಪರಿಮಳ ಕಾಣೆಯಾಗಿ ಒಗರೊಂದೇ ಉಳಿಯುತ್ತದೆ. ಅಂಥ ಊಟಕ್ಕೆ ಆಲ್ಕೋಹಾಲ್ ಕಡಿಮೆಯಿರುವ, ತುಸು ಸಿಹಿಯಿರುವ ಬಿಳಿ ವೈನ್ ಮೇಲು. ಕಾಳುಮೆಣಸಿನ ಮಾತು ಬೇರೆ. ಕಾಳುಮೆಣಸಿಗೆ ಆ ಘಮ ಕೊಡುವ ರೊಟಂಡೋನ್ ಎಂಬ ಅಂಶವೇ ಶಿರಾಜ್‌ನಲ್ಲೂ ಇದೆ ಎಂದು ಆಸ್ಟ್ರೇಲಿಯಾದ ವಿಜ್ಞಾನಿಗಳು 2008ರಲ್ಲಿ ತೋರಿಸಿದರು. ಕುಟ್ಟಿದ ಕಾಳುಮೆಣಸನ್ನು ಹಿತಮಿತವಾಗಿ ಒತ್ತಿ ಸುಟ್ಟ ಮಾಂಸಕ್ಕೆ ಶಿರಾಜ್ ಅಷ್ಟು ಒಪ್ಪುವುದಕ್ಕೆ ಇದೂ ಒಂದು ಕಾರಣ. ಎರಡನ್ನೂ ‘ಖಾರ’ ಎಂಬ ಒಂದೇ ಪದದಲ್ಲಿ ಸೇರಿಸಿದ್ದೇ ಬರಹದ ದೊಡ್ಡ ತಪ್ಪು.

ಮೀನಿನ ಬಗ್ಗೆಯೂ ಹೇಳಬೇಕು. ರೆಡ್ ವೈನ್ ಜೊತೆ ಮೀನು ತಿಂದಾಗ ಬರುವ ಹಸಿವಾಸನೆಗೆ ವೈನಿನಲ್ಲಿರುವ ಕಬ್ಬಿಣದ ಅಂಶ ಕಾರಣವೆಂದು ಜಪಾನಿನ ಸಂಶೋಧಕರು 2009ರಲ್ಲಿ ಪ್ರಕಟಿಸಿದರು. ಸಿಹಿ ತಿಂಡಿಯ ಜೊತೆಗಂತೂ ಗಟ್ಟಿ ರೆಡ್ ವೈನ್ ಹುಳಿ ಹುಳಿಯಾಗುತ್ತದೆ.

ಕೋಣೆಯ ಉಷ್ಣತೆ ಎಂಬುದು ಹೀಟರ್ ಇಲ್ಲದ ಕಾಲದ ಯುರೋಪಿನ ತಣ್ಣನೆಯ ಮನೆಗಳಿಂದ ಬಂದ ಮಾತು. ಬೇಕಾದದ್ದು 16ರಿಂದ 18 ಡಿಗ್ರಿ ಸೆಲ್ಸಿಯಸ್. 20 ದಾಟಿದರೆ ಆಲ್ಕೋಹಾಲಿನ ಘಾಟು ಮೂಗಿಗೆ ಹೊಡೆಯುತ್ತದೆ, 12ಕ್ಕಿಂತ ಇಳಿದರೆ ಒಗರು ಚುಚ್ಚುತ್ತದೆ. ಕೋಣೆ 25 ಡಿಗ್ರಿ ಇದ್ದರೆ ಬಾಟಲಿಯನ್ನು ಫ್ರಿಜ್‌ನಲ್ಲಿ ಮುಕ್ಕಾಲು ಗಂಟೆಯಾದರೂ ಇಡಿ. ಅವಸರವಿದ್ದರೆ ಐಸೂ ನೀರೂ ಬೆರೆಸಿದ ಬಕೆಟ್‌ನಲ್ಲಿ ಹತ್ತು ನಿಮಿಷದೊಳಗೆ ಕೆಲಸ ಆಗುತ್ತದೆ.

ಬಿರಡೆ ತೆಗೆದಿಟ್ಟ ಮಾತ್ರಕ್ಕೆ ವೈನ್ ಉಸಿರಾಡುವುದಿಲ್ಲ, ಅಂದರೆ ಗಾಳಿ ತಾಗಿ ಪರಿಮಳ ಬಿಚ್ಚಿಕೊಳ್ಳುವುದಿಲ್ಲ. ಬಾಟಲಿಯ ಕೊರಳಿನ ಒಳ ಅಗಲ ಎರಡು ಸೆಂಟಿಮೀಟರ್ ಕೂಡ ಇರದು. ಅಷ್ಟರಲ್ಲಿ ತಾಗುವ ಗಾಳಿ ಎಷ್ಟು? ಎಳೆಯ ವೈನನ್ನು ಅಗಲ ತಳದ ಡಿಕ್ಯಾಂಟರಿಗೆ, ಅದಿಲ್ಲದಿದ್ದರೆ ಶುಚಿಯಾದ ಗಾಜಿನ ಜಗ್ಗಿಗೆ ಸುರಿದು ಒಂದೆರಡು ಗಂಟೆ ಬಿಡಿ. ಹದಿನೈದು ಇಪ್ಪತ್ತು ವರ್ಷದ ಹಳೆಯ ಬಾಟಲಿಯ ವಿಧಾನ ಬೇರೆ. ಒಂದು ದಿನ ನೆಟ್ಟಗೆ ನಿಲ್ಲಿಸಿ ಗಸಿ ತಳ ಸೇರಿದ ಮೇಲೆ, ಕೊರಳಿನ ಕೆಳಗೆ ಬೆಳಕು ಹಿಡಿದು ಮೆಲ್ಲಗೆ ಬಗ್ಗಿಸಿ. ಗಸಿ ಕೊರಳಿಗೆ ಬಂದಾಗ ನಿಲ್ಲಿಸಿ, ತಡಮಾಡದೆ ಬಡಿಸಿ. ಹಳೆಯ ವೈನಿನ ಪರಿಮಳ ಬೇಗ ಹಾರಿಹೋಗುತ್ತದೆ. ಒದ್ದೆ ರಟ್ಟಿನ ವಾಸನೆ ಬಂದರೆ ಅದು ಬಿರಡೆಯಿಂದ ಬಂದ ದೋಷ, ಎಷ್ಟು ಗಾಳಿಯಾಡಿಸಿದರೂ ಹೋಗದು. ಅಂಥ ಬಾಟಲಿಯನ್ನು ಮರಳಿಸಬೇಕು.

ಮುಂದಿನ ಪುರವಣಿಯಲ್ಲಿ ಜಾಗ ಕಡಿಮೆಯಿದ್ದರೆ ಖಾರದ ಕುರಿತ ಸಾಲನ್ನಾದರೂ ತಿದ್ದಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ,
ತಮ್ಮ ಓದುಗ