ವಿವಾದಗಳೆಲ್ಲ ಒಂದೇ ಅಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಫ್ರೆಂಚ್ ಗಾಯಕ ಸೆರ್ಜ್ ಗೇನ್ಸ್‌ಬೂರ್ ಬಗ್ಗೆ ಬಂದ ಲೇಖನ ಓದಿದೆ. ನಾನು ಫ್ರೆಂಚ್ ಕಲಿಸುವವಳು. ಆತನ ಹಾಡುಗಳನ್ನು ತರಗತಿಯಲ್ಲಿ ಹಾಕುತ್ತಲೇ ಬಂದಿದ್ದೇನೆ, ಹಾಗಾಗಿ ಕನ್ನಡ ಪತ್ರಿಕೆಯಲ್ಲಿ ಆ ಹೆಸರು ಕಂಡು ಖುಷಿಯಾಯಿತು. ಆದರೆ ಲೇಖನ ಕುಡಿತ, ಸಿಗರೇಟು, ಟಿ.ವಿ.ಯಲ್ಲಿ ಸುಟ್ಟ 500 ಫ್ರಾಂಕ್ ನೋಟು, ಫ್ರಾನ್ಸಿನ ರಾಷ್ಟ್ರಗೀತೆಗೆ ಹಾಕಿದ ಜಮೈಕಾದ ರೆಗೆ ತಾಳ, ಹುಡುಗಿಯರ ಬಾಯಲ್ಲಿ ಹಾಡಿಸಿದ ದ್ವಂದ್ವಾರ್ಥ, ಎಲ್ಲವನ್ನೂ ‘ವರ್ಣರಂಜಿತ ವಿವಾದಗಳು’ ಎಂದು ಒಂದೇ ಗಂಟು ಕಟ್ಟಿಬಿಟ್ಟಿದೆ. ನನ್ನ ತಕರಾರು ಅದಕ್ಕೇ.

ರಾಷ್ಟ್ರಗೀತೆಯ ವಿಷಯವನ್ನೇ ತೆಗೆದುಕೊಳ್ಳಿ. ಗೇನ್ಸ್‌ಬೂರ್ ಹುಟ್ಟಿದ್ದು 1928ರಲ್ಲಿ, ಪ್ಯಾರಿಸ್ಸಿನಲ್ಲಿ. ಅಪ್ಪ ಅಮ್ಮ ರಷ್ಯಾದಿಂದ ಬಂದ ಯಹೂದಿಗಳು. ಅಪ್ಪ ಕ್ಯಾಬರೆಗಳಲ್ಲಿ ಪಿಯಾನೊ ನುಡಿಸಿ ಮನೆ ನಡೆಸುತ್ತಿದ್ದರು. ಜರ್ಮನ್ನರ ಹಿಡಿತದಲ್ಲಿದ್ದ ಪ್ಯಾರಿಸ್ಸಿನಲ್ಲಿ 1942ರಲ್ಲಿ ಯಹೂದಿಗಳು ಎದೆಯ ಮೇಲೆ ಹಳದಿ ನಕ್ಷತ್ರ ಹೊಲಿದುಕೊಂಡೇ ಓಡಾಡಬೇಕೆಂದು ಆಜ್ಞೆಯಾಯಿತು. ಹದಿನಾಲ್ಕರ ಹುಡುಗ ಅದನ್ನು ಹಾಕಿಕೊಂಡ. ಆಮೇಲೆ ಮನೆಯವರೆಲ್ಲ ಸುಳ್ಳು ಹೆಸರಿನಲ್ಲಿ ಲಿಮೂಸಾಂ ಪ್ರಾಂತ್ಯದ ಕಡೆ ಹೋಗಿ ಅಡಗಿಕೊಂಡರು. ಒಮ್ಮೆ ಶಾಲೆಯ ಮೇಲೆ ದಾಳಿಯಾಗಬಹುದು ಎಂಬ ಸುಳಿವು ಸಿಕ್ಕಿತು. ಹುಡುಗನ ಕೈಗೆ ಒಂದು ಕೊಡಲಿ ಕೊಟ್ಟು ಕಾಡಿಗೆ ಅಟ್ಟಿದರು. ಯಾರಾದರೂ ಕೇಳಿದರೆ ಸೌದೆ ಕಡಿಯುವವನ ಮಗ ಎಂದು ಹೇಳಬೇಕಿತ್ತು.

ಈ ಹುಡುಗನೇ ಬೆಳೆದು 1979ರಲ್ಲಿ ಜಮೈಕಾದ ಕಿಂಗ್‌ಸ್ಟನ್‌ಗೆ ಹೋಗಿ, ಅಲ್ಲಿನ ವಾದ್ಯಗಾರರಾದ ಸ್ಲೈ ಡನ್‌ಬಾರ್ ಮತ್ತು ರಾಬಿ ಶೇಕ್‌ಸ್ಪಿಯರ್ ಜೊತೆ ರಾಷ್ಟ್ರಗೀತೆ ‘ಲಾ ಮಾರ್ಸೆಯೇಸ್’ ಅನ್ನು ರೆಗೆಯಲ್ಲಿ ಹಾಡಿದ್ದು. ಫ್ರಾನ್ಸಿನಲ್ಲಿ ಕೆಲವರಿಗೆ ಮೈಯೆಲ್ಲ ಉರಿದುಹೋಯಿತು. ‘ಲ ಫಿಗಾರೋ’ ಪತ್ರಿಕೆಯಲ್ಲಿ ಮಿಷೆಲ್ ದ್ರ್ವಾ ಎಂಬ ಲೇಖಕ, ಇಂಥ ಕೆಲಸದಿಂದ ಯಹೂದಿಗಳ ಮೇಲಿನ ದ್ವೇಷ ಇನ್ನೂ ಜಾಸ್ತಿಯಾಗುತ್ತದೆ ಎಂಬರ್ಥದಲ್ಲಿ ಬರೆದರು. ಹಳದಿ ನಕ್ಷತ್ರ ಹೊತ್ತವನಿಗೆ ಈ ಮಾತು!

1980ರ ಜನವರಿ 4ರಂದು ಸ್ಟ್ರಾಸ್‌ಬೂರ್‌ನಲ್ಲಿ ಕಾರ್ಯಕ್ರಮವಿತ್ತು. ಮಾಜಿ ಪ್ಯಾರಾಟ್ರೂಪರ್‌ಗಳು ಕೆಂಪು ಟೋಪಿ ತೊಟ್ಟು ಮುಂದಿನ ಸಾಲುಗಳಲ್ಲೇ ಬಂದು ಕುಳಿತಿದ್ದರು. ಬಾಂಬ್ ಬೆದರಿಕೆ ಬೇರೆ ಇತ್ತು, ಜಮೈಕಾದ ವಾದ್ಯಗಾರರು ವೇದಿಕೆ ಹತ್ತಲಿಲ್ಲ. ಗೇನ್ಸ್‌ಬೂರ್ ಒಬ್ಬನೇ ಮೈಕಿನ ಮುಂದೆ ಬಂದ. ನಾನು ಬಂಡಾಯಗಾರ, ಈ ಹಾಡಿಗೆ ಅದರ ಮೊದಲಿನ ಅರ್ಥವನ್ನೇ ಮರಳಿ ಕೊಟ್ಟಿದ್ದೇನೆ ಎಂದ. ಮುಷ್ಟಿ ಎತ್ತಿ, ಯಾವ ವಾದ್ಯವೂ ಇಲ್ಲದೆ, ರೆಗೆಯನ್ನೂ ಬಿಟ್ಟು, ಹಳೆಯ ಧಾಟಿಯಲ್ಲೇ ಮೊದಲ ಚರಣ ಹಾಡಿದ. ಗಲಾಟೆ ಮಾಡಲು ಬಂದವರು ಏನು ಮಾಡಬೇಕು ಹೇಳಿ? ರಾಷ್ಟ್ರಗೀತೆ ಅಲ್ವಾ, ಎದ್ದು ನಿಲ್ಲಲೇಬೇಕಾಯಿತು. ಹಾಡು ಮುಗಿಸಿ, ಅವರಿಗೊಂದು ಒರಟು ಸನ್ನೆ ಮಾಡಿ ಹೊರಟುಹೋದ. ಆ ದೃಶ್ಯದ ವಿಡಿಯೊ ಇದೆ. ಆ ಮುಖ ನೋಡಿ, ಧೈರ್ಯವೂ ಹೆದರಿಕೆಯೂ ಒಟ್ಟಿಗೇ ಕಾಣುತ್ತವೆ. ಮರುವರ್ಷ ಹರಾಜಿನಲ್ಲಿ 1,35,000 ಫ್ರಾಂಕ್ ಕೊಟ್ಟು, ಅದನ್ನು ರಚಿಸಿದ ರೂಜೆ ದ ಲೀಲ್ ಕೈಯಾರೆ ಬರೆದ ಮಾರ್ಸೆಯೇಸ್‌ನ ಪ್ರತಿಯೊಂದನ್ನು ಕೊಂಡುಕೊಂಡ. ದೇಶವನ್ನು ಅಣಕಿಸುವವನು ಇಷ್ಟು ದುಡ್ಡು ಸುರಿಯುತ್ತಾನೆಯೇ?

ಇದು ಬಲಾಢ್ಯರ ಎದುರು ನಿಂತದ್ದು. ಇನ್ನೊಂದು ಬಗೆಯದನ್ನು ಇದರ ಪಕ್ಕದಲ್ಲೇ ಕೂರಿಸಿದ್ದು ನನಗೆ ಸಹಿಸಲಾಗಲಿಲ್ಲ.

ಫ್ರಾನ್ಸ್ ಗಾಲ್ ಎಂಬ ಹುಡುಗಿ 1965ರಲ್ಲಿ ಗೇನ್ಸ್‌ಬೂರ್ ಬರೆದ ಹಾಡಿನಿಂದ ಯೂರೋವಿಷನ್ ಹಾಡಿನ ಸ್ಪರ್ಧೆ ಗೆದ್ದಳು, ಲಕ್ಸೆಂಬರ್ಗ್ ಪರವಾಗಿ. ಆಗ ಅವಳಿಗೆ 17. ಮರುವರ್ಷ ಆತ ಅವಳಿಗೆ ಲಾಲಿಪಾಪ್ ಹಾಡೊಂದನ್ನು ಬರೆದುಕೊಟ್ಟ. ಅವಳ ಪಾಲಿಗೆ ಅದು ಸೋಂಪಿನ ರುಚಿಯ ಮಿಠಾಯಿ ಇಷ್ಟಪಡುವ ಪುಟ್ಟ ಹುಡುಗಿಯ ಹಾಡು. ಅದರೊಳಗಿನ ಅಶ್ಲೀಲ ಅರ್ಥ ಸುತ್ತಲಿನ ದೊಡ್ಡವರಿಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ. ತಿಳಿದಾಗ ಅವಳು ನಾಚಿಕೆಯಿಂದ ಮನೆಯೊಳಗೇ ಉಳಿದಳು. ದೊಡ್ಡವರೇ ತನಗೆ ಮೋಸ ಮಾಡಿದರು ಎಂಬ ನೋವನ್ನು ಮುಂದೆಯೂ ಹೇಳಿಕೊಂಡಿದ್ದಾಳೆ. ಇದರಲ್ಲಿ ವರ್ಣರಂಜಿತವಾದದ್ದು ಏನಿದೆ? 1986ರಲ್ಲಿ ಟಿ.ವಿ. ನೇರ ಪ್ರಸಾರದಲ್ಲಿ 22 ವರ್ಷದ ವಿಟ್ನಿ ಹ್ಯೂಸ್ಟನ್‌ಗೆ ಆತ ಆಡಿದ ಹೊಲಸು ಮಾತೂ ಹಾಗೆಯೇ. ಕುಡಿದಿದ್ದ, ಸುಮ್ನೆ ತಮಾಷೆಗೆ ಅಂದ ಎಂದು ನಕ್ಕು ಮುಗಿಸುವುದು ಸರಿಯಲ್ಲ.

2024ರಲ್ಲಿ ಪ್ಯಾರಿಸ್ ಮೆಟ್ರೊದ 11ನೇ ಮಾರ್ಗದಲ್ಲಿ, ಲಿಲಾ ಎಂಬಲ್ಲಿನ ಹೊಸ ನಿಲ್ದಾಣಕ್ಕೆ ಆತನ ಹೆಸರಿಟ್ಟಾಗ ಫ್ರಾನ್ಸಿನಲ್ಲೇ ಹಲವರು ವಿರೋಧಿಸಿ ಸಹಿ ಹಾಕಿದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆ ಹೆಸರು ಆ ಜಾಗಕ್ಕೆ ಒಪ್ಪುತ್ತದೆ ಎಂಬುದೂ ನಿಜ. ಲಿಲಾ ಮೆಟ್ರೊ ನಿಲ್ದಾಣದಲ್ಲಿ ದಿನವಿಡೀ ಟಿಕೆಟಿಗೆ ತೂತು ಹೊಡೆಯುತ್ತಾ ಹುಚ್ಚು ಹಿಡಿಯುವಂತಾದವನ ಹಾಡಿನಿಂದಲೇ 1958ರಲ್ಲಿ ಆತ ಹೆಸರಾಗಿದ್ದು. ಮೊನ್‌ಪರ್ನಾಸ್ ಸ್ಮಶಾನದಲ್ಲಿ ಆತನ ಸಮಾಧಿಯ ಮೇಲೆ ಅಭಿಮಾನಿಗಳು ಮೆಟ್ರೊ ಟಿಕೆಟ್ ಇಟ್ಟು ಬರುವುದು ಅದಕ್ಕೇ. ಆ ಹಾಡನ್ನು ನಾನು ತರಗತಿಯಲ್ಲಿ ಹಾಕುತ್ತೇನೆ, ಮುಂದೆಯೂ ಹಾಕುತ್ತೇನೆ. ಲಾಲಿಪಾಪ್ ಹಾಡನ್ನು ಹಾಕುವುದಿಲ್ಲ.

ಒಂದು ಕೋರಿಕೆ. ಫ್ರಾನ್ಸ್ ಗಾಲ್ ಅಲ್ಲಿಗೇ ಮುಗಿದುಹೋದವಳಲ್ಲ. 1974ರಿಂದ ಗೀತರಚನಕಾರ ಮಿಷೆಲ್ ಬೆರ್ಜೆಯ ಹಾಡುಗಳಿಂದ ಹೊಸದಾಗಿ ಬೆಳೆದಳು, ಆತನನ್ನೇ ಮದುವೆಯಾದಳು. ಅಮೆರಿಕದ ಜಾಸ್ ಗಾಯಕಿ ಎಲಾ ಫಿಟ್ಸ್‌ಜೆರಾಲ್ಡ್ ಮೇಲಿನ ಅಭಿಮಾನಕ್ಕೆ 1987ರಲ್ಲಿ ಹಾಡಿದ ಹಾಡು ಯೂರೋಪಿನ ಹಲವು ದೇಶಗಳಲ್ಲಿ ಗೆದ್ದಿತು. 2018ರಲ್ಲಿ ತೀರಿಕೊಂಡಳು. ನಿಮ್ಮ ಪುರವಣಿಯಲ್ಲಿ ಅವಳಿಗೂ ಅರ್ಧ ಪುಟ ಕೊಡಿ. ಬರೆಯುವವರು ಸಿಗದಿದ್ದರೆ ನಾನೇ ಬರೆದುಕೊಡುತ್ತೇನೆ.

ಇಂತಿ,
ಒಬ್ಬ ಫ್ರೆಂಚ್ ಶಿಕ್ಷಕಿ